ನೆನೆಸಿದ ಲಕೋಟೆ

ಲಾಂಗ್‌ಇಯರ್‌ಬೀನ್, ಮೊದಲ ದಿನ

ಉತ್ತರ ಧ್ರುವಕ್ಕೆ ಅಷ್ಟು ಹತ್ತಿರದ ಊರಿನಲ್ಲಿ ನನಗೆ ಮೊದಲು ಆದ ಫಜೀತಿ ಚಳಿಯದಲ್ಲ, ಕಾಲುಚೀಲದ್ದು. ಅತಿಥಿಗೃಹದ ಬಾಗಿಲಲ್ಲೇ ಬೂಟು ಬಿಚ್ಚಬೇಕು ಎಂದು ಮನೆಯೊಡತಿ ಹೇಳಿದಳು. ಬಿಚ್ಚಿದೆ. ಎಡಗಾಲಿನ ಹೆಬ್ಬೆರಳು ತೂತಿನಿಂದ ಹೊರಗೆ ಬಂದು ಎಲ್ಲರನ್ನೂ ನೋಡುತ್ತಿತ್ತು. ಒಡತಿ ಥಾಯ್ಲೆಂಡಿನವಳು, ಹೆಸರು ನೋಯ್. ಅವಳು ನಗಲಿಲ್ಲ; ಒಳಗೆ ಹೋಗಿ ಒಂದು ಜೊತೆ ದಪ್ಪ ಉಣ್ಣೆಯ ಕಾಲುಚೀಲ ತಂದುಕೊಟ್ಟಳು. ಬಿಸಿನಾಡಿನಿಂದ ಬಂದವರ ಕಷ್ಟ ಬಿಸಿನಾಡಿನವರಿಗೇ ಗೊತ್ತು.

ನಾರ್ವೆಯ ಮುಖ್ಯಭೂಮಿಯಿಂದ ಬಹಳ ಉತ್ತರಕ್ಕೆ, ಸ್ವಾಲ್ಬಾರ್ಡ್ ದ್ವೀಪಗಳಲ್ಲಿರುವ ಈ ಊರು ಹಿಂದೆ ಕಲ್ಲಿದ್ದಲು ಗಣಿಗಳದ್ದಾಗಿತ್ತು. ಗಣಿಯ ಮಸಿ ಮನೆಯೊಳಗೆ ಬರಬಾರದೆಂದು ಬೂಟು ಹೊರಗೆ ಬಿಡುತ್ತಿದ್ದರಂತೆ. ಗಣಿಗಳು ಮುಚ್ಚಿದವು, ಪದ್ಧತಿ ಉಳಿಯಿತು. ವಸ್ತುಸಂಗ್ರಹಾಲಯಕ್ಕೆ ಹೋದರೂ ಬರಿ ಕಾಲುಚೀಲದಲ್ಲೇ ಓಡಾಡಬೇಕು. ನಮ್ಮಲ್ಲಿ ದೇವಸ್ಥಾನದ ಮುಂದೆ ಚಪ್ಪಲಿ ಕಾಯಲು ಒಬ್ಬರು ಕೂತಿರುತ್ತಾರೆ. ಇಲ್ಲಿ ಒಳ್ಳೊಳ್ಳೆಯ ಬೂಟುಗಳು ಸಾಲಾಗಿ ಬಿದ್ದಿದ್ದರೂ ಕಾಯುವವರೇ ಇಲ್ಲ.

"ಯಾರೂ ಕದಿಯಲ್ವಾ?" ಎಂದು ನೋಯ್‌ಳನ್ನು ಕೇಳಿದೆ.

"ಕದ್ದು ಎಲ್ಲಿಗೆ ಓಡ್ತಾನೆ? ಇಲ್ಲಿನ ರಸ್ತೆಗಳು ಇನ್ನೊಂದು ಊರಿಗೆ ಹೋಗೋದೇ ಇಲ್ಲ," ಎಂದಳು.

ಅವಳು ತಮಾಷೆಗೆ ಹೇಳಿದ್ದು. ಆದರೆ ನಾನು ಇಷ್ಟು ದೂರ ಬಂದದ್ದರ ಹಿಂದೆ ಒಂದು ಕಳ್ಳತನವಿತ್ತು. ಅಥವಾ ಕಳ್ಳತನವೆಂದು ಹೆಸರು ಪಡೆದದ್ದು, ಯಾರೂ ಕದ್ದಿರದೇ ಇದ್ದದ್ದು. ಅದನ್ನು ಹೇಳದೆ ಈ ಪ್ರವಾಸದ ಬಗ್ಗೆ ಬರೆಯಲು ನನಗೆ ಬರುವುದಿಲ್ಲ.

ಜಾಲಹಳ್ಳಿಯ ಭಾನುವಾರಗಳು

ನಾನು ವೈಟ್‌ಫೀಲ್ಡ್‌ನ ಒಂದು ಕಚೇರಿಯಲ್ಲಿ ಯಂತ್ರಗಳ ಕೈಪಿಡಿ ಬರೆಯುತ್ತೇನೆ. ಓದಿದವರು ತಪ್ಪು ಗುಂಡಿ ಒತ್ತದಂತೆ ವಾಕ್ಯ ಕಟ್ಟುವುದು ನನ್ನ ಉದ್ಯೋಗ. ಅದಕ್ಕೂ ಮುಂಚೆ, ಹದಿಮೂರು ವರ್ಷಗಳ ಹಿಂದೆ, ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸ್ ಪಕ್ಕ ಬಾಡಿಗೆಗೆ ಇದ್ದೆ. ಪಕ್ಕದ ಬೀದಿಯಲ್ಲಿ ನಿವೃತ್ತ ಫೋರ್‌ಮನ್ ರಾಮು ಅಂಕಲ್ ಇದ್ದರು. ಭಾನುವಾರ ಬೆಳಿಗ್ಗೆ ಅವರ ವೆರಾಂಡದಲ್ಲಿ ಐದಾರು ಮಂದಿ ಅಂಚೆಚೀಟಿ ಹುಚ್ಚಿನವರು ಸೇರುತ್ತಿದ್ದರು. ನಾನು ಹಕ್ಕಿಗಳ ಚೀಟಿ ಕೂಡಿಸುತ್ತಿದ್ದೆ. ರಾಮು ಅಂಕಲ್‌ದು ಮಂಜಿನ ಸಂಗ್ರಹ: ಹಿಮಕರಡಿ, ಪೆಂಗ್ವಿನ್, ಹಿಮನದಿ, ಮಂಜು ಒಡೆಯುವ ಹಡಗು. ಜೊತೆಗೆ, ಧ್ರುವಗಳು ಕರಗುತ್ತಿವೆ, ಉಳಿಸಿ ಎಂದು ನಮ್ಮ ದೇಶವೂ ಸೇರಿ ಹಲವು ದೇಶಗಳು ತಂದ ಚೀಟಿಗಳು. ಇಡೀ ಸಂಗ್ರಹಕ್ಕೆ ಅವರು ಇಟ್ಟ ಹೆಸರು "ಮಂಜು ಇದ್ದಾಗ".

ಅವರ ಜೊತೆಗಾರ ಪಿಳ್ಳಪ್ಪ. ಸರ್ಜಾಪುರದ ಕಡೆಯ ಒಕ್ಕಲು ಮನೆತನದವರು, ಅದೇ ಕಾರ್ಖಾನೆಯಲ್ಲಿ ಅಂಕಲ್ ಕೈಕೆಳಗೆ ಇದ್ದವರು. ಇಬ್ಬರೂ ಒಂದೇ ಡಬ್ಬಿಯ ಊಟ ಹಂಚಿಕೊಂಡು ವಯಸ್ಸಾದವರು. ನಿವೃತ್ತಿಯಾಗಿ ಊರು ಸೇರಿದ ಮೇಲೂ ಪಿಳ್ಳಪ್ಪ ತಮ್ಮ ಚೀಟಿಗಳ ಆಲ್ಬಮ್ ಹಿಡಿದು, ಎರಡು ಬಸ್ ಬದಲಾಯಿಸಿ ಭಾನುವಾರ ತಪ್ಪದೆ ಬರುತ್ತಿದ್ದರು.

ಅಂಕಲ್ ಸಂಗ್ರಹದ ಪ್ರಾಣ ಒಂದು ಲಕೋಟೆ. ಅಂಟಾರ್ಕ್ಟಿಕದಲ್ಲಿ ನಮ್ಮ ದೇಶದ ಮೊದಲ ನೆಲೆ ದಕ್ಷಿಣ ಗಂಗೋತ್ರಿ. ಅಲ್ಲೊಂದು ಅಂಚೆ ಕಚೇರಿ ಇತ್ತು. ಆಮೇಲೆ ಆ ನೆಲೆಯೇ ಮಂಜಿನಲ್ಲಿ ಹೂತುಹೋಯಿತು. ಅದನ್ನು ಬಿಟ್ಟು ಬಂದರು. ಅಲ್ಲಿನ ಮುದ್ರೆ ಬಿದ್ದು ತಮ್ಮದೇ ಹೆಸರಿಗೆ ಬಂದ ಲಕೋಟೆ ಅಂಕಲ್ ಹತ್ತಿರ ಇತ್ತು. ಅದರ ಮೇಲೆ ಅಂಟಿಸಿದ್ದು ಯಾವ ಮೂಲೆಯ ಅಂಚೆ ಕಚೇರಿಯಲ್ಲೂ ಸಿಗುವ ಮಾಮೂಲಿ ಚೀಟಿ. ಬೆಲೆಯೆಲ್ಲ ಮುದ್ರೆಯದು. ಈ ಕಾಗದ ಅಲ್ಲಿಗೆ ಹೋಗಿ ಬಂತು ಎಂದು ಹೇಳುವುದು ಮುದ್ರೆ ಮಾತ್ರ.

ಆ ವಾರ ಅಂಕಲ್‌ಗೆ ಕಣ್ಣಿನ ಪೊರೆ ತೆಗೆದಿದ್ದರು. ಒಂದು ಚೀಲ ಹಳೆಯ ಲಕೋಟೆಗಳನ್ನು ನನಗೆ ಕೊಟ್ಟು, ನೀರಿನಲ್ಲಿ ನೆನೆಸಿ ಚೀಟಿ ಬಿಡಿಸಿಕೊಡು ಎಂದರು. ಪಿಳ್ಳಪ್ಪ ಗಂಗೋತ್ರಿಯ ಲಕೋಟೆಯನ್ನು ಕೈಯಲ್ಲಿ ಹಿಡಿದು, "ಇದ್ನ ನಂಗೆ ಕೊಟ್ಬುಡಿ ಸ್ವಾಮಿ, ನನ್ ಮೊಮ್ಮಗಳ ಮದ್ವೆಗೆ ಉಡುಗೊರೆ ಕೊಡ್ತೀನಿ," ಎಂದು ಚುಡಾಯಿಸಿ ಮೇಜಿನ ಮೇಲೆ ಇಟ್ಟು ಹೋದರು. ನಾನು ಹೊರಡುವಾಗ ಅಂಕಲ್ ಹೇಳಿದ್ದು ನನಗೆ ಹೀಗೆ ನೆನಪಿದೆ:

"ಇವೆಲ್ಲ ನೆನೆಸ್ಬಿಡಮ್ಮ. ಹಾಂ, ಆ ಗಂಗೋತ್ರಿ ಕವರ್ ನೆನೆಸು. ಮರೀಬೇಡ."

ಆ ಲಕೋಟೆಯನ್ನು ಆಲ್ಬಮ್ಮಿಗೆ ಸೇರಿಸಬೇಕು, ನನಗೆ ಜ್ಞಾಪಿಸು ಎಂದು ಅವರ ಅರ್ಥ. ನಾನು ಅದನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ ಬಕೆಟ್ಟಿನಲ್ಲಿ ನೆನೆಸಿದೆ. ಮುದ್ರೆಯ ಶಾಯಿ ಬಿಟ್ಟು ನೀರು ನೇರಳೆಯಾದಾಗಲೇ ಗೊತ್ತಾದದ್ದು.

ಹೀಗೆ ಹೇಳಿಕೊಳ್ಳಲು ಚೆನ್ನಾಗಿರುತ್ತದೆ. ಒಂದು ಪದಕ್ಕೆ ಎರಡು ಅರ್ಥ, ತಪ್ಪು ಭಾಷೆಯದು. ಆದರೆ ಆ ದಿನದ ನನ್ನ ದಿನಚರಿಯಲ್ಲಿ ಇರುವುದು ಇಷ್ಟೇ: "ಅಂಕಲ್ ಕೊಟ್ಟ ಕವರುಗಳನ್ನು ನೆನೆಸಿದೆ. ಒಂದು ಬಣ್ಣ ಬಿಟ್ಟಿತು." ಅವರು ಆಡಿದ ಮಾತು ಅಲ್ಲಿ ಇಲ್ಲ. ಈ ಹದಿಮೂರು ವರ್ಷಗಳಲ್ಲಿ ಆ ಮಾತನ್ನು ನಾನೇ ಹೊಂದಿಸಿಕೊಂಡೆನೇ? ವರ್ಷವಿಡೀ ಅವರ ಪಾಠ ಕೇಳಿದವಳಿಗೆ ಮುದ್ರೆಯ ಬೆಲೆ ಗೊತ್ತಿರಲಿಲ್ಲವೇ? ಗೊತ್ತಿಲ್ಲ ಎಂದೇ ಬರೆಯಬೇಕಾಗಿದೆ.

ನೆನಪಿನ ಬಗ್ಗೆ ಅನುಮಾನವೇ ಇಲ್ಲದ್ದು ಮುಂದಿನ ಭಾನುವಾರ. ಅಂಕಲ್ ಎಲ್ಲರ ಮುಂದೆ, "ಪಿಳ್ಳಪ್ಪ, ಅದು ಕೊನೇಲಿ ನಿನ್ನ ಕೈಲಿತ್ತು," ಎಂದರು.

"ಅಂಗಂದ್ರೆ? ನಾನ್ ಎತ್ಕಂಡೋದೆ ಅಂತೀರಾ ಸ್ವಾಮಿ?"

"ಹಾಗಂತ ಅಂದ್ನಾ? ನಿನ್ನ ಕೈಲಿತ್ತು ಅಂದೆ."

"ಅಂದಂಗೇ ಆಯ್ತು ಬುಡಿ."

ಪಿಳ್ಳಪ್ಪ ಚೀಟಿ ಹಿಡಿಯುವ ತಮ್ಮ ಚಿಮುಟವನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು ಎದ್ದುಹೋದರು. ಮತ್ತೆ ಬರಲಿಲ್ಲ. ನಾನು ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ಮುಂದಿನ ವಾರ ಹೇಳೋಣ ಎಂದುಕೊಂಡೆ. ಮುಂದಿನ ವಾರಕ್ಕೆ ಅದು ಇನ್ನೂ ಕಷ್ಟವಾಗಿತ್ತು.

ಎರಡನೆಯ ದಿನ, ಹಿಮನದಿಯ ಎದುರು

ಈ ವರ್ಷ ಕಚೇರಿಯ ಕೆಲಸಕ್ಕೆ ನನ್ನನ್ನು ಆಸ್ಲೋಗೆ ಕಳಿಸಿದರು. ಸುದ್ದಿ ಕೇಳಿ ಅಂಕಲ್ ಮೂರು ಲಕೋಟೆಗಳ ಮೇಲೆ ತಮ್ಮದೇ ವಿಳಾಸ ಬರೆದುಕೊಟ್ಟರು. ಅವರಿಗೀಗ ಎಂಬತ್ತೆರಡು, ಕೈ ನಡುಗುತ್ತದೆ. "ಅಲ್ಲಿಂದ ಮೇಲೆ ಹೋಗಕ್ಕಾದ್ರೆ ಹೋಗಿ ಬಾ ತಾಯಿ. ಸ್ಟಾಂಪ್ ತರಬೇಡ, ಅದು ಎಲ್ಲಾದ್ರೂ ಸಿಗತ್ತೆ. ಮುದ್ರೆ ಹಾಕ್ಸಿ ಪೋಸ್ಟ್ ಮಾಡು. ನೀನು ಬ್ಯಾಗಲ್ಲಿ ಇಟ್ಕೊಂಡು ಬಂದ್ರೆ ಅದು ಕವರ್ ಅಲ್ಲ, ಬರೀ ಕಾಗದ." ಅವರ ಆಲ್ಬಮ್ಮಿನಲ್ಲಿ ಗಂಗೋತ್ರಿಯ ಹಾಳೆ ಇಂದಿಗೂ ಖಾಲಿ ಇದೆ. ಅದನ್ನು ನೋಡಿದ ಮೇಲೆ ಆಗಲ್ಲ ಎನ್ನುವ ಧೈರ್ಯ ನನಗಿರಲಿಲ್ಲ. ನಾಲ್ಕು ದಿನ ರಜೆ ಹಾಕಿ ಇಲ್ಲಿಗೆ ಬಂದೆ.

ಎರಡನೆಯ ದಿನ ದೋಣಿಯಲ್ಲಿ ಹಿಮನದಿ ನೋಡಲು ಹೋದೆವು. ಮಳೆ. ಮಂಜಿನ ದೇಶಕ್ಕೆ ಬಂದು ಪೀಣ್ಯದ ಬಸ್ ಸ್ಟಾಪಿನಲ್ಲಿ ನಿಂತ ಹಾಗೆ ತೊಪ್ಪೆಯಾದೆ. ಮುಂಚೆ ಈ ಕಾಲದಲ್ಲಿ ಇಂಥ ಮಳೆ ಬರುತ್ತಿರಲಿಲ್ಲ ಎಂದು ನಮ್ಮನ್ನು ಕರೆದೊಯ್ದ ಮಾರಿಟ್ ಹೇಳಿದಳು. ಊರೊಳಗೆ ಹಿಮಸಾರಂಗಗಳು ನಮ್ಮ ಬೀದಿ ಹಸುಗಳಷ್ಟೇ ನಿಶ್ಚಿಂತೆಯಿಂದ ರಸ್ತೆಗೆ ಅಡ್ಡ ನಿಲ್ಲುತ್ತವೆ. ಊರ ಗಡಿ ದಾಟಿದರೆ ಮಾತ್ರ ಬಂದೂಕು ಹಿಡಿದವರು ಜೊತೆಗಿರಬೇಕು, ಹಿಮಕರಡಿಯ ಭಯ. ಮಾರಿಟ್ ಭುಜದ ಮೇಲೆ ಬಂದೂಕು, ಕೈಯಲ್ಲಿ ಬಿಸ್ಕತ್ತಿನ ಡಬ್ಬಿ.

ನನ್ನ ಪರ್ಸಿನಲ್ಲಿ ಅಂಕಲ್ ಕೊಟ್ಟ ಒಂದು ಹಳೆಯ ಚೀಟಿ ಇತ್ತು. ಹಿಮನದಿಯೊಂದು ನೇರವಾಗಿ ಸಮುದ್ರಕ್ಕೆ ಇಳಿಯುವ ಚಿತ್ರ. ದೋಣಿ ನಿಂತಾಗ ಅದನ್ನು ತೆಗೆದು ಎದುರಿನ ದೃಶ್ಯದ ಪಕ್ಕ ಹಿಡಿದೆ. ಚೀಟಿಯಲ್ಲಿ ಬಿಳಿ ಇದ್ದ ಕಡೆ ನನ್ನೆದುರು ಕಂದು ಕಲ್ಲಿನ ರಾಶಿ. ಮಂಜು ಅದರಾಚೆ ಎಲ್ಲೋ ಕೂತಿತ್ತು.

"ಇದೇ ಜಾಗವಾ?" ಎಂದು ಮಾರಿಟ್‌ಗೆ ತೋರಿಸಿದೆ.

ಅವಳು ಚೀಟಿಯನ್ನು ಕಣ್ಣ ಹತ್ತಿರ ಹಿಡಿದು, "ಹೇಳೋಕಾಗಲ್ಲ. ಇಂಥವು ಇಲ್ಲಿ ಬೇಕಾದಷ್ಟಿವೆ. ಆದರೆ ನಾನು ಮೊದಲ ಸಲ ಬಂದಾಗ ಇಲ್ಲಿ ಮಂಜು ಆ ಕಪ್ಪು ಬಂಡೆ ತನಕ ಇತ್ತು," ಎಂದಳು.

"ಅದು ಸರಿಯಾಗಿ ನೆನಪಿದೆಯಾ?"

ಪ್ರಶ್ನೆ ಒರಟಾಯಿತು. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಫೋನ್ ತೆಗೆದು ಒಂದರ ಹಿಂದೆ ಒಂದು ಚಿತ್ರ ಸರಿಸಿದಳು. ಅದೇ ಬಂಡೆ, ಬೇರೆ ಬೇರೆ ವರ್ಷ. "ನೆನಪನ್ನ ನಾನು ನಂಬಲ್ಲ. ಅದಕ್ಕೇ ಪ್ರತಿ ಬೇಸಿಗೆ ಇಲ್ಲೇ ನಿಂತು ಒಂದು ಫೋಟೋ ತೆಗೀತೀನಿ."

ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ದಿನಚರಿ ಬರೆಯುವ ನಾನು ಬೇಕಾದ ಸಾಲನ್ನೇ ಬಿಟ್ಟಿದ್ದೆ.

ಆಮೇಲೆ ಅವಳು ನೀರಿನಲ್ಲಿ ತೇಲುತ್ತಿದ್ದ ಮಂಜಿನ ಗಡ್ಡೆಯೊಂದನ್ನು ಬಲೆ ಹಾಕಿ ಎತ್ತಿ, ಒಡೆದು, ಎಲ್ಲರ ಲೋಟಕ್ಕೂ ಒಂದೊಂದು ಚೂರು ಹಾಕಿದಳು. ಪ್ರವಾಸಿಗರಿಗೆ ಅದೊಂದು ಸಂಪ್ರದಾಯವಂತೆ. ಹಣ್ಣಿನ ರಸದಲ್ಲಿ ಅದು ಪಟಪಟ ಸಿಡಿಯಿತು. ಯಾವುದೋ ಕಾಲದ ಗಾಳಿ ಒಳಗಿನಿಂದ ಬಿಡಿಸಿಕೊಳ್ಳುವ ಸದ್ದು. ಎಲ್ಲರೂ ಲೋಟವನ್ನು ಕಿವಿಗೆ ಹಿಡಿದು ಮಕ್ಕಳ ಹಾಗೆ ನಕ್ಕರು. ನಾನೂ ನಕ್ಕೆ, ಕುಡಿದೆ. ಮೂರು ವಿಮಾನ ಹತ್ತಿ ಬಂದು, ಮಂಜು ಕರಗುತ್ತಿದೆ ಎಂದು ಮರುಗಿ, ಅದನ್ನೇ ಕುಡಿದು ಬಂದವಳು. ಊರಿನಲ್ಲಿ ನಾನಿರುವ ಅಪಾರ್ಟ್‌ಮೆಂಟ್ ಮೊದಲು ಕೆರೆಯಾಗಿತ್ತು ಎಂದು ಅಲ್ಲಿನ ಹಳಬರು ಹೇಳುತ್ತಾರೆ. ಈಗ ಬೇಸಿಗೆ ಬಂದರೆ ನಮಗೆ ಟ್ಯಾಂಕರ್ ನೀರು. ಕೆರೆ ನೋಡಿದವರ ಮಾತು ಬಿಟ್ಟರೆ ಅದಕ್ಕೂ ಮುದ್ರೆ ಇಲ್ಲ.

ಮೂರನೆಯ ದಿನ, ಅಂಚೆ ಕಚೇರಿ

ಅಂಚೆ ಕಚೇರಿಯ ಕಿಟಕಿಯಲ್ಲಿದ್ದ ಹೆಂಗಸು ಬೆಳ್ಳಿ ಕೂದಲಿನವಳು. ನಾನು ಬಾಯಿ ತೆರೆಯುವ ಮೊದಲೇ ಲಕೋಟೆಗಳನ್ನು ನೋಡಿ, "ಮುದ್ರೆ ಕೈಯಲ್ಲೇ ಒತ್ತಬೇಕು ತಾನೇ? ಯಂತ್ರ ಬೇಡ," ಎಂದಳು. ಸಂಗ್ರಹಕಾರರ ಜಾತಿಯನ್ನು ಅವಳು ದೂರದಿಂದಲೇ ಗುರುತಿಸುತ್ತಿದ್ದಳು. ಹಿಮಕರಡಿಯ ಚೀಟಿಗಳನ್ನು ಅಂಟಿಸಿಕೊಟ್ಟೆ. ಅವಳು ಲಕೋಟೆಯನ್ನು ಬೆರಳಿನಿಂದ ಒತ್ತಿ ನೋಡಿ ಮುಖ ಸಿಂಡರಿಸಿದಳು.

"ಒಳಗೆ ಏನೂ ಇಲ್ಲವಲ್ಲ. ಇಷ್ಟು ದೂರ ಹೋಗುವಷ್ಟರಲ್ಲಿ ಮುದುರಿಹೋಗುತ್ತೆ."

ನಿಜ. ಒಳಗೆ ಗಟ್ಟಿ ಕಾರ್ಡು ಇಡುವುದು ಈ ಹವ್ಯಾಸದ ಮೊದಲ ಪಾಠ. ಅಂಕಲ್ ಕತ್ತರಿಸಿಕೊಟ್ಟಿದ್ದ ಮೂರು ಕಾರ್ಡುಗಳನ್ನು ನಾನು ಮನೆಯ ಮೇಜಿನ ಮೇಲೇ ಬಿಟ್ಟು ಬಂದಿದ್ದೆ. ಅವಳು ಒಳಗಿನಿಂದ ಬಿಳಿ ರಟ್ಟು ತಂದು, ಅಳತೆಗೆ ಮೂರು ತುಂಡು ಮಾಡಿಕೊಟ್ಟಳು. ಎರಡನ್ನು ತುಂಬಿಸಿದೆ. ಮೂರನೆಯದು ಕೈಯಲ್ಲಿ ಉಳಿಯಿತು.

"ಬೇಕಾದರೆ ಏನಾದರೂ ಬರೆಯಿರಿ. ಅವಸರವಿಲ್ಲ," ಎಂದಳು.

ಪಕ್ಕದ ಎತ್ತರದ ಮೇಜಿನ ಹತ್ತಿರ ನಿಂತುಕೊಂಡೇ ಬರೆದೆ. ರಟ್ಟಿನ ಎರಡೂ ಕಡೆ, ಸಣ್ಣ ಅಕ್ಷರದಲ್ಲಿ. ಪಿಳ್ಳಪ್ಪ ಅಂಕಲ್ ಏನೂ ತೆಗೆದಿಲ್ಲ, ಲಕೋಟೆಯನ್ನು ನೀರಿಗೆ ಹಾಕಿದ್ದು ನಾನು, ಆ ಭಾನುವಾರ ಬಾಯಿ ಬಿಡದೆ ಕೂತದ್ದೂ ನಾನು ಎಂದು. "ನೆನೆಸು" ಪದದ ಕತೆಯನ್ನೂ ಬರೆಯಲು ಹೊರಟೆ. ಜಾಗ ಸಾಲಲಿಲ್ಲ, ಒಳ್ಳೆಯದೇ ಆಯಿತು. ಮೂರನೆಯ ಲಕೋಟೆಗೆ ಹಾಕಿ ಅಂಟಿಸಿದೆ.

ಅವಳು ಮುದ್ರೆಯನ್ನು ಶಾಯಿಗೆ ಒತ್ತಿ, ಮೊದಲು ಖಾಲಿ ಕಾಗದದ ಮೇಲೆ ಪರೀಕ್ಷಿಸಿ, ಉಸಿರು ಬಿಗಿಹಿಡಿದು ಒಂದೊಂದಾಗಿ ಒತ್ತಿದಳು. ದುಂಡಗೆ, ಸ್ವಚ್ಛವಾಗಿ ಬಿತ್ತು. ಒಣಗಲಿ ಎಂದು ಮೂರನ್ನೂ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ನನ್ನ ಹಿಂದೆ ನಾಲ್ಕು ಜನ ನಿಂತಿದ್ದರು. ಯಾರೂ ಗೊಣಗಲಿಲ್ಲ, ಕತ್ತು ಚಾಚಿ ಇಣುಕಲಿಲ್ಲ. ನಮ್ಮಲ್ಲಾದರೆ ಅಷ್ಟರಲ್ಲಿ "ಮೇಡಂ, ಆಯ್ತಾ?" ಎಂದು ಮೂರು ಸಲ ಕೇಳಿರುತ್ತಿದ್ದರು. ಹಾಗೆ ಯಾರಾದರೂ ಅವಸರಪಡಿಸಿದ್ದರೆ ಲಕೋಟೆಯನ್ನು ವಾಪಸ್ ಕೇಳುತ್ತಿದ್ದೆನೋ ಏನೋ. ಶಾಯಿ ಒಣಗಿತು. ಅವಳು ಮೂರನ್ನೂ ಎತ್ತಿ ಒಳಗಿನ ತಟ್ಟೆಗೆ ಹಾಕಿದಳು. ಹೊರಗೆ ಬಂದು ಮಳೆಯಲ್ಲಿ ನಡೆಯುವಾಗ ಎದೆ ಹಗುರವಾಗಿತ್ತು. ಹಗುರವಾದದ್ದಕ್ಕೆ ನಾಚಿಕೆಯೂ ಆಯಿತು.

ಮತ್ತೆ ಜಾಲಹಳ್ಳಿ

ಲಕೋಟೆಗಳು ನನಗಿಂತ ಐದು ವಾರ ತಡವಾಗಿ ಬಂದವು. ಅಂಕಲ್ ಫೋನ್ ಮಾಡಿದರು. "ಬಂತು ಕಣಮ್ಮ, ಮೂರೂ ಬಂತು! ಏನ್ ಮುದ್ರೆ! ಬಾ, ನೋಡುವಂತೆ." ಧ್ವನಿಯಲ್ಲಿ ಬರೀ ಸಂತೋಷ. ನನಗೆ ಅರ್ಥವಾಗಲಿಲ್ಲ.

ಹೋದಾಗ ಮೂರನ್ನೂ ಹಾಳೆಗೆ ಏರಿಸಿ, ನಾಲ್ಕು ಮೂಲೆಗೂ ಪಾರದರ್ಶಕ ತ್ರಿಕೋನ ಹಚ್ಚಿ, ಕೆಳಗೆ ಊರಿನ ಹೆಸರು ಬರೆದಿದ್ದರು.

"ಓದಿದ್ರಾ ಅಂಕಲ್?"

"ಭೂತಗನ್ನಡಿ ಹಿಡ್ಕೊಂಡು ಓದ್ದೆ. ತಾರೀಕು, ಊರು, ಎಲ್ಲಾ ಸ್ಪಷ್ಟವಾಗಿದೆ."

"ಒಳಗೆ..."

"ಗಟ್ಟಿ ಕಾರ್ಡ್ ಹಾಕಿದೀಯ, ಮುಟ್ಟಿದ್ರೆ ಗೊತ್ತಾಗತ್ತೆ. ಜಾಣೆ ಆಗಿದೀಯ."

"ಒಡೆದು ನೋಡ್ಲಿಲ್ವಾ?"

ನಾನು ಕೊಲೆಯ ಮಾತಾಡಿದ ಹಾಗೆ ನೋಡಿದರು. "ಕವರ್ ಒಡೀತಾರಾ ಯಾರಾದ್ರೂ? ತಲೆ ಕೆಟ್ಟಿದ್ಯಾ ನಿಂಗೆ?"

ಇದು ನನಗೆ ಗೊತ್ತಿದ್ದ ಸಂಗತಿ. ಅಂಥ ಲಕೋಟೆಯನ್ನು ಯಾವ ಸಂಗ್ರಹಕಾರನೂ ಒಡೆಯುವುದಿಲ್ಲ. ಅಲ್ಲಿ ಎತ್ತರದ ಮೇಜಿನ ಮುಂದೆ ನಿಂತಾಗ ಇದು ನನಗೆ ಹೊಳೆಯಲೇ ಇಲ್ಲವೇ, ಇಲ್ಲಾ ಹೊಳೆದದ್ದರಿಂದಲೇ ಅಷ್ಟು ಧೈರ್ಯವಾಗಿ ಬರೆದೆನೇ? ಈಗಲೂ ಎದ್ದುಬರಬಹುದಿತ್ತು. ತಪ್ಪೊಪ್ಪಿಗೆ ಹಾಳೆಗೆ ಅಂಟಿಕೊಂಡು ನೂರು ವರ್ಷ ಸುರಕ್ಷಿತವಾಗಿ ಇರುತ್ತಿತ್ತು.

ಹೇಳಿದೆ. ಬಕೆಟ್ಟು, ನೇರಳೆ ನೀರು, ಯಾವ ಲಕೋಟೆಯೊಳಗೆ ಬರೆದಿಟ್ಟಿದ್ದೇನೆ ಎಂಬುದು, ಎಲ್ಲ.

ಅಂಕಲ್ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. "ನೆನೆಸು ಅಂತ ಅಂದಿದ್ನಾ ನಾನು?" ಎಂದರು.

"ಅಂದ್ರಿ ಅಂತ ನೆನಪು. ಖಾತ್ರಿ ಇಲ್ಲ."

"ನಂಗೂ ಇಲ್ಲ. ಹೋಗ್ಲಿ, ಅದು ಬಿಡು. ಕಾಗದ, ನೀರಿಗೆ ಬಿತ್ತು." ನನ್ನ ಮುಖ ನೋಡಿದರು. "ಆ ಭಾನುವಾರ ನೀನು ಅಲ್ಲೇ ಇದ್ದೆ ಅಲ್ವಾ? ಕಾಫಿ ಲೋಟ ಇಟ್ಕೊಂಡು, ಆ ಕಂಬದ ಹತ್ರ."

"ಇದ್ದೆ."

ಅವರು ಮೂಲೆಗಳಿಂದ ಆ ಲಕೋಟೆಯನ್ನು ಬಿಡಿಸಿ, ಕತ್ತರಿ ಕೇಳಿದರು.

"ಅಂಕಲ್, ಬೇಡ. ನಾನೇ ಹೋಗಿ ಪಿಳ್ಳಪ್ಪ ಅಂಕಲ್‌ಗೆ ಹೇಳ್ತೀನಿ."

"ಹದಿಮೂರು ವರ್ಷ ಆದ್ಮೇಲೆ ಬಾಯಿಮಾತು ಯಾರು ನಂಬ್ತಾರೆ? ನಾನು ಹೇಳ್ಕೊಟ್ಟೆ ಅಂದ್ಕೋತಾನೆ. ಬರ್ದಿದೆಯಲ್ಲ, ಅದ್ರ ಮೇಲೆ ಮುದ್ರೆನೂ ಇದೆ. ಕೊಡು."

ಎಡ ಅಂಚನ್ನು ಕತ್ತರಿಸಿದರು. ಗೆರೆ ಸೊಟ್ಟಗಾಯಿತು.

ಸರ್ಜಾಪುರ

ಮಾರತ್ತಹಳ್ಳಿ ದಾಟುವುದಕ್ಕೇ ಒಂದು ಗಂಟೆ ಹಿಡಿಯಿತು. ದಾರಿಯುದ್ದಕ್ಕೂ ಅಂಕಲ್ ಲಕೋಟೆಯನ್ನು ಪುಸ್ತಕವೊಂದರ ನಡುವೆ ಇಟ್ಟು ಎರಡೂ ಕೈಯಲ್ಲಿ ಹಿಡಿದಿದ್ದರು. ಒಮ್ಮೆ ಮಾತ್ರ, "ಮೊದಲು ಏನ್ ಹೇಳ್ಲಿ ಅವನಿಗೆ?" ಎಂದು ಕೇಳಿದರು.

ಪಿಳ್ಳಪ್ಪನವರ ಹೊಲದಲ್ಲಿ ಈಗ ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳು. ಅವುಗಳ ನಡುವೆ ಉಳಿದ ಒಂದು ಪಟ್ಟಿಯಲ್ಲಿ ಅವರು ಸೊಪ್ಪಿಗೆ ನೀರು ಬಿಡುತ್ತಿದ್ದರು. ನಮ್ಮನ್ನು ನೋಡಿ ಪೈಪನ್ನು ಕೆಳಗೆ ಹಾಕಿದರು.

"ಓ, ಫೋರ್‌ಮನ್ನರು! ಏನ್ ಸ್ವಾಮಿ, ದಾರಿ ತಪ್ಪಿ ಬಂದ್ರಾ?"

ಅಂಕಲ್ ರಟ್ಟನ್ನೂ ಲಕೋಟೆಯನ್ನೂ ಚಾಚಿದರು. ಪಿಳ್ಳಪ್ಪ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡರು, ಮತ್ತೊಮ್ಮೆ ಒರೆಸಿಕೊಂಡರು, ಆಮೇಲೆ ಅಂಚು ಮಾತ್ರ ಹಿಡಿದು ತೆಗೆದುಕೊಂಡರು. ರಟ್ಟಿನ ಒಂದು ಬದಿ ಓದಿದರು. ತಿರುಗಿಸಿ ಇನ್ನೊಂದು ಬದಿ ಓದಿದರು. ನಾನು ತಪ್ಪಾಯಿತು ಎಂದೆ. ಅವರು ಕೇಳಿಸಿಕೊಂಡರೋ ಇಲ್ಲವೋ. ರಟ್ಟನ್ನು ಜಗಲಿಯ ಮೇಲೆ ಇಟ್ಟರು.

"ನಿನ್ನ ಆಲ್ಬಮ್ ತಗೊಂಡ್ ಬಾರೋ ಪಿಳ್ಳಪ್ಪ, ನೋಡೋಣ," ಎಂದರು ಅಂಕಲ್. ಅದೊಂದೇ ಅವರಿಗೆ ಹೊಳೆದದ್ದು.

"ಯಾವ ಆಲ್ಬಮ್ಮು ಸ್ವಾಮಿ? ಆ ವಾರ್ವೇ ಎಲ್ಲಾ ಇಸ್ಕೂಲಿಗೆ ಕೊಟ್ಬುಟ್ಟೆ. ಮನೇಲಿ ಒಂದ್ ಸ್ಟಾಂಪ್ ಇದ್ರೂ, ಇದು ನಿಂದಾ ಕದ್ದಿದ್ದಾ ಅಂತ ಯಾರಾನ ಕೇಳ್ಬೋದಲ್ವಾ?"

ಸಿಟ್ಟಿರಲಿಲ್ಲ. ಹಳೆಯ ಲೆಕ್ಕ ಒಪ್ಪಿಸಿದ ಹಾಗೂ ಇರಲಿಲ್ಲ. ಅವರ ಕಣ್ಣು ಆಗಲೇ ಲಕೋಟೆಯ ಮೇಲಿತ್ತು. ಬೆಳಕಿಗೆ ಹಿಡಿದು, ಹಿಮಕರಡಿಯನ್ನೂ ದುಂಡು ಮುದ್ರೆಯನ್ನೂ ನೋಡಿದರು. ಎಡಕ್ಕೆ ಬಂದಾಗ ಬೆರಳು ಸೊಟ್ಟ ಅಂಚಿನ ಮೇಲೆ ನಿಂತಿತು.

"ಅಯ್ಯೋ, ಇಂಥಾದ್ನ ಯಾಕ್ ಕತ್ತರಿಸ್ಬುಟ್ರಿ ಸ್ವಾಮಿ? ಬಾಯಲ್ಲಿ ಯೇಳಿದ್ರೆ ನಾನ್ ನಂಬ್ತಿರ್ಲಿಲ್ವಾ?"

ಕೇಳಿದ್ದು ಅಂಕಲ್ ಅವರನ್ನು. ಅಂಕಲ್ ನನ್ನ ಕಡೆ ನೋಡಿದರು.